ಶೇಂಗಾ ಎಣ್ಣೆ, ಬೆಣ್ಣೆ, ಬೀಜ: ಲಿಕ್ವಿಡ್ ಕ್ರೊಮ್ಯಾಟೋಗ್ರಫಿಯಲ್ಲಿ ಲಿಪಿಡ್ ಅಳೆಯುವ ಕೆಲಸ

ಚಳ್ಳಕೆರೆ ಕಡೆಯ ಶೇಂಗಾ ಎಣ್ಣೆ, ದಾವಣಗೆರೆಯ ದೋಸೆ ಹೋಟೆಲಿಗೆ ಹೋಗುವ ಬೆಣ್ಣೆ, ಚೀಲದಿಂದ ತೆಗೆದ ಶೇಂಗಾ ಬೀಜ. ಈ ಮೂರನ್ನೂ ಲ್ಯಾಬಿನ ಕಟ್ಟೆ ಮೇಲಿಟ್ಟು ‘ಇದರಲ್ಲಿ ಯಾವ ಯಾವ ಲಿಪಿಡ್ (ಎಣ್ಣೆ, ಕೊಬ್ಬಿನ ಜಾತಿಯ ಅಣು) ಎಷ್ಟೆಷ್ಟಿದೆ’ ಎಂದು ಕೇಳಿದರೆ ಪ್ರಶ್ನೆ ಒಂದೇ ಅನಿಸುತ್ತದೆ. ಕೆಲಸ ಮಾತ್ರ ಮೂರು ಬೇರೆ ಬೇರೆ. ಎಣ್ಣೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಟ್ರೈಗ್ಲಿಸರೈಡ್, ಅಂದರೆ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲ ಅಂಟಿದ ಅಣು. ಅದನ್ನು ಕರಗಿಸಿದರೆ ಸಾಕು. ಬೆಣ್ಣೆಯಲ್ಲಿ ನೀರು, ಪ್ರೋಟೀನ್, ಗಿಡ್ಡ ಸರಪಳಿಯ ಬ್ಯುಟಿರಿಕ್ ಆಮ್ಲ ಎಲ್ಲ ಇವೆ. ಬೀಜದಲ್ಲಿ ಅರ್ಧದಷ್ಟು ಎಣ್ಣೆ, ಕಾಲುಭಾಗದಷ್ಟು ಪ್ರೋಟೀನ್, ಅದರ ಜೊತೆಗೆ ಇನ್ನೂ ಕೆಲಸ ಮಾಡುತ್ತಿರುವ ಕಿಣ್ವಗಳು. ಮೂರಕ್ಕೂ ಒಂದೇ ವಿಧಾನ ಹಚ್ಚಿದರೆ ಮೂರರಲ್ಲೂ ಸಂಖ್ಯೆ ಬರುತ್ತದೆ, ಆದರೆ ಎರಡರಲ್ಲಿ ಅದು ತಪ್ಪಾಗಿರುತ್ತದೆ.

ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಎಂದರೆ ಕರಗಿಸಿದ ಮಾದರಿಯನ್ನು ದ್ರಾವಕದ ಜೊತೆ ಕಾಲಂ ಎಂಬ ಕೊಳವೆಯೊಳಗೆ ಹರಿಸಿ, ಬೇರೆ ಬೇರೆ ಸಮಯಕ್ಕೆ ಹೊರಬರುವ ಅಣುಗಳನ್ನು ಶಿಖರಗಳಾಗಿ ಅಳೆಯುವುದು. ಉಪಕರಣ ಎಷ್ಟು ದುಬಾರಿಯದು ಎಂಬುದರ ಮೇಲೆ ಉತ್ತರದ ಗುಣ ನಿಂತಿದೆ ಎಂಬ ನಂಬಿಕೆ ನಮ್ಮ ಕಾಲೇಜು ಲ್ಯಾಬುಗಳಲ್ಲಿ ಬಲವಾಗಿದೆ. ನಾನು ಇದನ್ನು ಒಪ್ಪುವುದಿಲ್ಲ. ಲಿಪಿಡ್ ವಿಷಯದಲ್ಲಿ ಸಂಖ್ಯೆಯ ಹಣೆಬರಹ ಬಹುಪಾಲು ಇಂಜೆಕ್ಷನ್‌ಗೆ ಮೊದಲೇ ತೀರ್ಮಾನ ಆಗಿರುತ್ತದೆ: ಮಾದರಿ ಹೇಗೆ ತೆಗೆದಿರಿ, ಯಾವ ದ್ರಾವಕದಲ್ಲಿ ಎಳೆದಿರಿ (ಲಿಪಿಡ್ ಕರಗಿಸಿ ಹೊರತೆಗೆದಿರಿ), ಆಂತರಿಕ ಸ್ಟ್ಯಾಂಡರ್ಡ್ (ಹೋಲಿಸಲು ಗೊತ್ತಿರುವಷ್ಟು ಅಳೆದು ಬೆರೆಸುವ ವಸ್ತು) ಯಾವಾಗ ಹಾಕಿದಿರಿ ಎನ್ನುವುದರಲ್ಲಿ. ಹಾಗಾಗಿ ಇಲ್ಲಿ ಹೆಚ್ಚಿನ ಜಾಗ ಅದಕ್ಕೇ.

ಎಣ್ಣೆ: ಸರಳ ಉಪಕರಣವೇ ಸಾಕು

ಶೇಂಗಾ ಎಣ್ಣೆಗೆ ಪಾಮೋಲೀನ್ ಅಥವಾ ಹತ್ತಿಬೀಜದ ಎಣ್ಣೆ ಬೆರೆತಿದೆಯೇ ಎನ್ನುವುದಷ್ಟೇ ಪ್ರಶ್ನೆಯಾದರೆ ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕಿಲ್ಲ. 250 × 4.6 ಮಿ.ಮೀ., 5 ಮೈಕ್ರಾನ್ ಕಣಗಳ ಸಿ18 (18 ಕಾರ್ಬನ್ ಸರಪಳಿ ಹೊದಿಸಿದ) ಕಾಲಂ, ಅಸಿಟೋನ್ ಮತ್ತು ಅಸಿಟೋನೈಟ್ರೈಲ್ ಮಿಶ್ರಣ, ದ್ರವ ಬೆಳಕನ್ನು ಎಷ್ಟು ಬಾಗಿಸುತ್ತದೆಂದು ಅಳೆಯುವ ರಿಫ್ರ್ಯಾಕ್ಟಿವ್ ಇಂಡೆಕ್ಸ್ ಡಿಟೆಕ್ಟರ್, ಇಷ್ಟು ಸಾಕು. 0.5 ಗ್ರಾಂ ಎಣ್ಣೆಯನ್ನು 10 ಮಿ.ಲೀ. ಫ್ಲಾಸ್ಕಿನಲ್ಲಿ ಅಸಿಟೋನ್‌ನಲ್ಲಿ ಕರಗಿಸಿ ಗುರುತಿನವರೆಗೆ ತುಂಬಿ, 10 ಮೈಕ್ರೋಲೀಟರ್ ಇಂಜೆಕ್ಟ್ ಮಾಡಿ, ನಿಮಿಷಕ್ಕೆ 1 ಮಿ.ಲೀ. ಹರಿಸಿ. ದ್ರಾವಕ 1:1ರಿಂದ ಶುರು ಮಾಡಿ. ಶಿಖರಗಳು ತೀರ ತಡವಾದರೆ ಅಸಿಟೋನ್ ಪ್ರಮಾಣ ಏರಿಸಿ. ಎರಡನ್ನೂ ಪಂಪಿನಲ್ಲಿ ಬೆರೆಸಬೇಡಿ, ಮೊದಲೇ ಅಳೆದು ಒಂದೇ ಬಾಟಲಿಯಲ್ಲಿ ಬೆರೆಸಿಡಿ. ಈ ಡಿಟೆಕ್ಟರ್ ದ್ರಾವಕದ ಸಣ್ಣ ಬದಲಾವಣೆಯನ್ನೂ ಶಿಖರದಂತೆ ತೋರಿಸುತ್ತದೆ. ಇದೇ ಕಾರಣಕ್ಕೆ ಇದರ ಜೊತೆ ಗ್ರೇಡಿಯಂಟ್, ಅಂದರೆ ಓಟದ ನಡುವೆ ದ್ರಾವಕದ ಪ್ರಮಾಣ ಬದಲಿಸುತ್ತ ಹೋಗುವುದು, ನಡೆಯುವುದಿಲ್ಲ.

ಯುವಿ (ಅತಿನೇರಳೆ ಬೆಳಕಿನ) ಡಿಟೆಕ್ಟರ್ ಯಾಕೆ ಬೇಡ? ಟ್ರೈಗ್ಲಿಸರೈಡ್‌ಗಳಲ್ಲಿ ಬೆಳಕು ಹೀರುವ ಗುಂಪು ಇಲ್ಲವೆನ್ನುವಷ್ಟು ಕಡಿಮೆ. 205 ನ್ಯಾನೋಮೀಟರ್ ಆಸುಪಾಸಿನಲ್ಲಿ ದ್ವಿಬಂಧಗಳು ಸ್ವಲ್ಪ ಕಾಣುತ್ತವೆ, ಆದರೆ ಅಸಿಟೋನ್ 330 ನ್ಯಾನೋಮೀಟರ್ ಕೆಳಗೆ ಏನನ್ನೂ ಕಾಣಿಸಗೊಡುವುದಿಲ್ಲ. ದ್ರಾವಕ ಬದಲಿಸಿದರೂ ಅಲ್ಲಿ ಕಾಣುವುದು ದ್ವಿಬಂಧಗಳ ಎಣಿಕೆ, ಎಣ್ಣೆಯ ಪ್ರಮಾಣವಲ್ಲ.

ಶಿಖರಗಳು ಬರುವ ಕ್ರಮಕ್ಕೆ ಒಂದು ಸುಲಭ ಲೆಕ್ಕವಿದೆ. ಮೂರು ಕೊಬ್ಬಿನಾಮ್ಲಗಳ ಒಟ್ಟು ಕಾರ್ಬನ್ ಸಂಖ್ಯೆಯಿಂದ ಒಟ್ಟು ದ್ವಿಬಂಧಗಳ ಎರಡು ಪಟ್ಟನ್ನು ಕಳೆಯಿರಿ. ಬರುವುದನ್ನು ಸಮಾನ ಕಾರ್ಬನ್ ಸಂಖ್ಯೆ, ಇಸಿಎನ್ ಎನ್ನುತ್ತಾರೆ. ಇದು ದೊಡ್ಡದಾದಷ್ಟೂ ಶಿಖರ ತಡವಾಗಿ ಬರುತ್ತದೆ. ಓಲೀಕ್ ಆಮ್ಲಕ್ಕೆ ‘ಓ’, ಲಿನೋಲೀಕ್‌ಗೆ ‘ಲಿ’, ಪಾಮಿಟಿಕ್‌ಗೆ ‘ಪಾ’, ಬೆಹೆನಿಕ್‌ಗೆ ‘ಬೆ’ ಎಂದಿಟ್ಟುಕೊಳ್ಳೋಣ. ಲಿ-ಲಿ-ಲಿ ಎಂದರೆ 54 ಕಾರ್ಬನ್, 6 ದ್ವಿಬಂಧ, ಇಸಿಎನ್ 42. ಓ-ಲಿ-ಲಿ 44. ಓ-ಓ-ಲಿ ಮತ್ತು ಪಾ-ಓ-ಲಿ ಎರಡೂ 46. ಓ-ಓ-ಓ, ಪಾ-ಓ-ಓ, ಪಾ-ಓ-ಪಾ, ಪಾ-ಪಾ-ಪಾ ನಾಲ್ಕೂ 48. ಕೊನೆಯ ಈ ನಾಲ್ಕು ಒಂದೇ ಗುಂಪಾದರೂ ಒಳ್ಳೆಯ ಕಾಲಂ ಇದ್ದರೆ ಹೇಳಿದ ಕ್ರಮದಲ್ಲೇ ಒಂದರ ಹಿಂದೆ ಒಂದು ಬಿಡಿಬಿಡಿಯಾಗಿ ಬರುತ್ತವೆ. ಪಾಮೋಲೀನ್ ಬೆರೆತರೆ ಏಳುವುದು ಇವುಗಳಲ್ಲಿ ಪಾ-ಓ-ಪಾ ಶಿಖರ. ಶೇಂಗಾದಲ್ಲಿ ಅದು ಸಣ್ಣದು. ಆದ್ದರಿಂದ 48ರ ಗುಂಪನ್ನು ಒಟ್ಟಾಗಿ ಕೂಡಿಸಿ ವರದಿ ಮಾಡಿದರೆ ಕಲಬೆರಕೆ ಅದರೊಳಗೇ ಅಡಗಿ ಕೂರುತ್ತದೆ.

ಶೇಂಗಾದ ಗುರುತು ಇರುವುದು ಓಟದ ಕೊನೆಯಲ್ಲಿ. ಅರಾಕಿಡಿಕ್, ಬೆಹೆನಿಕ್, ಲಿಗ್ನೋಸೆರಿಕ್ ಎಂಬ 20, 22, 24 ಕಾರ್ಬನ್ ಆಮ್ಲಗಳು ಈ ಎಣ್ಣೆಯಲ್ಲಿ ಒಟ್ಟಾರೆ ಕೆಲವು ಶೇಕಡಾ ಇರುತ್ತವೆ. ಪಾಮೋಲೀನ್‌ನಲ್ಲಾಗಲಿ ಹತ್ತಿಬೀಜದ ಎಣ್ಣೆಯಲ್ಲಾಗಲಿ ಇಷ್ಟು ಇರುವುದಿಲ್ಲ. ಓ-ಲಿ-ಬೆ ಇಸಿಎನ್ 52ರಲ್ಲಿ, ಓ-ಓ-ಬೆ 54ರಲ್ಲಿ, ಎರಡು ಓಲೀಕ್ ಮತ್ತು ಒಂದು ಲಿಗ್ನೋಸೆರಿಕ್ ಇರುವುದು 56ರಲ್ಲಿ ಬರುತ್ತದೆ. ಹಳೆಯ ಬೆಲಿಯರ್ ಪರೀಕ್ಷೆಯಲ್ಲಿ ಶೇಂಗಾ ಎಣ್ಣೆ 39ರಿಂದ 41 ಡಿಗ್ರಿ ಸೆಲ್ಸಿಯಸ್ ನಡುವೆ ಮಬ್ಬಾಗುವುದಕ್ಕೂ ಈ ಉದ್ದ ಆಮ್ಲಗಳೇ ಕಾರಣ. ಬೇರೆ ಎಣ್ಣೆ ಬೆರೆತಂತೆಲ್ಲ 52ರಿಂದ 56ರ ಶಿಖರಗಳು ಅದೇ ಪ್ರಮಾಣದಲ್ಲಿ ಕುಗ್ಗುತ್ತವೆ.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಆಲಿವ್ ಎಣ್ಣೆಗೆ ಬರೆದ ವಿಧಾನವನ್ನು ಹಾಗೇ ತಂದು, 50ರ ಶಿಖರ ಬಂದ ಕೂಡಲೇ ಓಟ ನಿಲ್ಲಿಸುತ್ತಾರೆ. ಶೇಂಗಾದ ಉದ್ದ ಸರಪಳಿಗಳು ಇನ್ನೂ ಕಾಲಂ ಒಳಗೇ ಇರುತ್ತವೆ. ಅವು ಮುಂದಿನ ಇಂಜೆಕ್ಷನ್‌ನ ಮಧ್ಯೆ ಅಗಲವಾದ ಗುಡ್ಡೆಯಾಗಿ ಹೊರಬಿದ್ದು ಅಲ್ಲಿನ ಬೇಸ್‌ಲೈನ್ ಕೆಡಿಸುತ್ತವೆ. ಶಿಖರದ ಅಗಲ ಅಕ್ಕಪಕ್ಕದವಕ್ಕಿಂತ ಎರಡು ಪಟ್ಟು ಇದ್ದರೆ ಅದು ಹಿಂದಿನ ಮಾದರಿಯದ್ದೇ ಎಂದು ಅನುಮಾನಿಸಿ. 56 ಹೊರಬರುವ ತನಕ ಕಾಯಬೇಕು. ಅದು ಎಲ್ಲಿ ಬರುತ್ತದೆಂದು ತಿಳಿಯಲು ಟ್ರೈಲಿನೋಲೀನ್ (ಲಿ-ಲಿ-ಲಿ) ಮತ್ತು ಟ್ರೈಓಲೀನ್ (ಓ-ಓ-ಓ) ಸ್ಟ್ಯಾಂಡರ್ಡ್ ಓಡಿಸಿ. ಒಂದೇ ದ್ರಾವಕದ ಓಟದಲ್ಲಿ ರಿಟೆನ್ಷನ್ ಫ್ಯಾಕ್ಟರ್‌ನ (ಕಾಲಂ ಅಣುವನ್ನು ಎಷ್ಟು ಹಿಡಿದಿಡುತ್ತದೆ ಎಂಬ ಅಳತೆಯ) ಲಾಗರಿದಮ್ ಇಸಿಎನ್ ಜೊತೆ ನೇರ ಗೆರೆಯಲ್ಲಿ ಏರುತ್ತದೆ. 42 ಮತ್ತು 48ರ ನಡುವೆ ಗೆರೆ ಎಳೆದು ಮುಂದಕ್ಕೆ ಚಾಚಿದರೆ 56ರ ಸಮಯ ಸಿಗುತ್ತದೆ.

ಹೋಲಿಕೆಗೆ ಇಟ್ಟುಕೊಳ್ಳುವ ಅಸಲಿ ಎಣ್ಣೆಯ ಬಗ್ಗೆಯೂ ಎಚ್ಚರ ಬೇಕು. ನಮ್ಮ ಭಾಗದಲ್ಲಿ ಬಹಳ ಕಾಲದಿಂದ ಬಿತ್ತುತ್ತಿರುವ ಟಿಎಂವಿ-2 ಎಣ್ಣೆಯ ಚಿತ್ರವೇ ಬೇರೆ, ಗಿರ್ನಾರ್ 4, ಗಿರ್ನಾರ್ 5ರಂಥ ಹೆಚ್ಚು ಓಲೀಕ್ ಇರುವ ತಳಿಗಳದ್ದೇ ಬೇರೆ. ಎರಡನೆಯದರಲ್ಲಿ ಓ-ಓ-ಓ ಎತ್ತರಕ್ಕೆ ಏರಿ ಓ-ಲಿ-ಲಿ ನೆಲ ಕಚ್ಚಿರುತ್ತದೆ. ಟಿಎಂವಿ-2 ಒಂದನ್ನೇ ಮಾದರಿಯಾಗಿ ಇಟ್ಟುಕೊಂಡವರು ಶುದ್ಧ ಗಿರ್ನಾರ್ ಎಣ್ಣೆಯನ್ನೂ ಕಲಬೆರಕೆ ಎಂದು ಬರೆದುಬಿಡಬಹುದು. ಅದು ಒಬ್ಬ ಗಾಣದವನ ಹೆಸರು ಕೆಡಿಸುವ ವಿಷಯ. ನಾಲ್ಕಾರು ತಳಿಯ ಬೀಜವನ್ನು ನೀವೇ ಎದುರಲ್ಲಿ ನಿಂತು ಒತ್ತಿಸಿ, ಅದರ ಎಣ್ಣೆಯನ್ನು ಕಂದು ಬಾಟಲಿಯಲ್ಲಿ ನೈಟ್ರೋಜನ್ ತುಂಬಿ ಮೈನಸ್ 20 ಡಿಗ್ರಿಯಲ್ಲಿ ಇಡಿ. ಆ ಸಂಗ್ರಹ ಇಲ್ಲದೆ ಕಲಬೆರಕೆ ಬಗ್ಗೆ ಬಾಯಿ ಬಿಡಬಾರದು.

ಬೆಣ್ಣೆ

ಬೆಣ್ಣೆಯಲ್ಲಿ ಮೊದಲ ತೊಡಕು ಮಾದರಿ ತೆಗೆಯುವುದು. ನೀರಿನ ಹನಿಗಳು ಮುದ್ದೆಯಲ್ಲಿ ಸಮನಾಗಿ ಹರಡಿರುವುದಿಲ್ಲ. ಕೈಯಿಂದ ಕಡೆದು ತೆಗೆದ ಬೆಣ್ಣೆಯಲ್ಲಂತೂ ಮೇಲಿನದು ಕೆಳಗಿನದು ಒಂದೇ ಅಲ್ಲ. ಮೂರ್ನಾಲ್ಕು ಕಡೆಯಿಂದ ತೆಗೆದದ್ದನ್ನು ಮುಚ್ಚಿದ ಗಾಜಿನ ಬಾಟಲಿಯಲ್ಲಿ 35 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗೆ ಮಾಡಿ, ಗಟ್ಟಿಯಾಗುವ ತನಕ ಅಲುಗಾಡಿಸುತ್ತ ತಣಿಸಿ, ಆಮೇಲೆ ತೂಗಿ. ಟ್ರೈಗ್ಲಿಸರೈಡ್ ಮಾತ್ರ ಬೇಕಿದ್ದರೆ 45 ಡಿಗ್ರಿಯಲ್ಲಿ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತುಪ್ಪದಂಥ ಪದರವನ್ನು ನೀರಿಲ್ಲದ ಸೋಡಿಯಂ ಸಲ್ಫೇಟ್ ಮೇಲೆ ಸೋಸಿದರೆ ಮುಗಿಯಿತು. ಫಾಸ್ಫೋಲಿಪಿಡ್ (ಫಾಸ್ಫೇಟ್ ಹೊತ್ತ, ಪೊರೆ ಕಟ್ಟುವ ಲಿಪಿಡ್) ಬೇಕಿದ್ದರೆ ಈ ದಾರಿ ತಪ್ಪು. ಅವು ಕೊಬ್ಬಿನ ಗೋಲಿಗಳ ಪೊರೆಯ ಜೊತೆ ಕೆಳಗಿನ ನೀರಿನ ಭಾಗದಲ್ಲಿ ಉಳಿದುಬಿಡುತ್ತವೆ. ಆಗ ಇಡೀ ಬೆಣ್ಣೆಯನ್ನೇ ದ್ರಾವಕದಲ್ಲಿ ಎಳೆಯಬೇಕು.

ಹಾಲಿನ ಕೊಬ್ಬಿನ ಗುರುತು ಕ್ರೊಮ್ಯಾಟೋಗ್ರಾಂನ ಆರಂಭದಲ್ಲಿದೆ. ಇದರ ಟ್ರೈಗ್ಲಿಸರೈಡ್ ಅಣುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಒಂದು ಬ್ಯುಟಿರಿಕ್ ಆಮ್ಲ ಹೊತ್ತಿರುತ್ತವೆ. ಬ್ಯುಟಿರಿಕ್, ಪಾಮಿಟಿಕ್, ಓಲೀಕ್ ಮೂರೂ ಸೇರಿದ ಅಣುವಿಗೆ 38 ಕಾರ್ಬನ್, ಒಂದು ದ್ವಿಬಂಧ, ಇಸಿಎನ್ 36. ವನಸ್ಪತಿಯಲ್ಲಾಗಲಿ ಪಾಮ್ ಎಣ್ಣೆಯಲ್ಲಾಗಲಿ ಈ ಜಾಗ ಖಾಲಿ. ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಮೀಥೈಲ್ ಎಸ್ಟರ್ ಮಾಡಿ ಅಳೆಯುವಾಗ ಮೀಥೈಲ್ ಬ್ಯುಟಿರೇಟ್ ಹಾರಿಹೋಗುವ, ನೀರಿಗೆ ಸೇರುವ ಅಪಾಯ ಇದ್ದೇ ಇರುತ್ತದೆ. ಅಣುವನ್ನು ಒಡೆಯದೆ ಇಡಿಯಾಗಿ ಅಳೆಯುವ ಲಿಕ್ವಿಡ್ ಕ್ರೊಮ್ಯಾಟೋಗ್ರಫಿಗೆ ಆ ಭಯವಿಲ್ಲ. ಬೆಣ್ಣೆಗೆ ನಾನು ಇದನ್ನೇ ಮುಂದಿಡುವುದಕ್ಕೆ ಕಾರಣ ಇದು.

ನಮ್ಮ ಜಿಲ್ಲೆಗಳಿಗೇ ಸಂಬಂಧಿಸಿದ ಒಂದು ಮಾತು. ದನಗಳಿಗೆ ಹತ್ತಿಕಾಳು, ಹತ್ತಿಕಾಳಿನ ಹಿಂಡಿ ಹಾಕುವ ಕಡೆ ಹತ್ತಿಬೀಜದ ಎಣ್ಣೆಯನ್ನು ಬಣ್ಣದಿಂದ ಪತ್ತೆಮಾಡುವ ಹಾಲ್ಫೆನ್ ಪರೀಕ್ಷೆ ಶುದ್ಧ ಬೆಣ್ಣೆಗೂ ಬಣ್ಣ ಕೊಡಬಹುದು, ಏಕೆಂದರೆ ಅದಕ್ಕೆ ಕಾರಣವಾದ ವಸ್ತು ಹಾಲಿಗೂ ಇಳಿಯುತ್ತದೆ. ಟ್ರೈಗ್ಲಿಸರೈಡ್ ಚಿತ್ರದಲ್ಲಿ ಈ ಗೊಂದಲ ಕಡಿಮೆ: ಎಣ್ಣೆ ನಿಜವಾಗಿ ಬೆರೆತಿದ್ದರೆ ಲಿ-ಲಿ-ಲಿ ಮತ್ತು ಪಾ-ಲಿ-ಲಿ ಎದ್ದು ಕಾಣುತ್ತವೆ, ಮೇವಿನಿಂದ ಬಂದದ್ದಾದರೆ ಹಾಗೆ ಕಾಣುವುದಿಲ್ಲ.

ಬೀಜ: ನಿಜವಾದ ಕಷ್ಟ ಇಲ್ಲಿ

ಶೇಂಗಾ ಬೀಜದಲ್ಲಿ ಫಾಸ್ಫೋಲೈಪೇಸ್-ಡಿ ಎಂಬ ಕಿಣ್ವ ಬಹಳ ಚುರುಕು. ಬೀಜವನ್ನು ಸುಮ್ಮನೆ ಅರೆದು ಮೆಥನಾಲ್ ಸುರಿದರೆ ಅದು ಫಾಸ್ಫಟಿಡೈಲ್ ಕೋಲೀನ್ ಎಂಬ ಫಾಸ್ಫೋಲಿಪಿಡನ್ನು ಕತ್ತರಿಸಿ ಫಾಸ್ಫಟಿಡಿಕ್ ಆಮ್ಲ ಮಾಡುತ್ತದೆ, ಮೆಥನಾಲ್ ಜೊತೆಗೇ ಕೂಡಿಸಿ ಫಾಸ್ಫಟಿಡೈಲ್ ಮೆಥನಾಲನ್ನೂ ಮಾಡುತ್ತದೆ. ಇವೆರಡೂ ಫಲಿತಾಂಶದಲ್ಲಿ ದೊಡ್ಡದಾಗಿ ಕಂಡರೆ ಹೊಸದೇನೋ ಸಿಕ್ಕಿತು ಎಂದು ಸಂಭ್ರಮಿಸಬೇಡಿ, ಅವು ನಿಮ್ಮ ಟ್ಯೂಬಿನಲ್ಲೇ ಹುಟ್ಟಿದವು. ಫಾಸ್ಫಟಿಡೈಲ್ ಮೆಥನಾಲ್ ಕಂಡಿತೆಂದರೆ ಆ ಬ್ಯಾಚಿನ ಫಾಸ್ಫೋಲಿಪಿಡ್ ಸಂಖ್ಯೆಗಳನ್ನೆಲ್ಲ ಬದಿಗಿಡಬೇಕು.

ದಾರಿ ಹೀಗೆ. ಸಿಪ್ಪೆ ತೆಗೆದ ಬೀಜವನ್ನು ದ್ರವ ನೈಟ್ರೋಜನ್‌ನಲ್ಲಿ ಗಟ್ಟಿ ಮಾಡಿ ಕುಟ್ಟಿ ಪುಡಿ ಮಾಡಿ. ಬೆಚ್ಚಗಿದ್ದಾಗ ಅರೆದರೆ ಎಣ್ಣೆ ಬಿಟ್ಟು ಪೇಸ್ಟ್ ಆಗುತ್ತದೆ, ಅದರಿಂದ ಸಮನಾದ 50 ಮಿ.ಗ್ರಾಂ ತೆಗೆಯಲಾಗದು. ಗಾಜಿನ ಟ್ಯೂಬಿನಲ್ಲಿ 3 ಮಿ.ಲೀ. ಐಸೊಪ್ರೊಪನಾಲನ್ನು, ಅದರಲ್ಲಿ ಶೇ 0.01 ಬಿಎಚ್‌ಟಿ (ಲಿಪಿಡ್ ಗಾಳಿಗೆ ಕೆಡದಂತೆ ತಡೆಯುವ ವಸ್ತು) ಕರಗಿಸಿ, ಮೊದಲೇ 75 ಡಿಗ್ರಿಗೆ ಕಾಯಿಸಿಡಿ. ತೂಗಿದ ಪುಡಿ ಬೆಚ್ಚಗಾಗುವ ಮೊದಲೇ ಅದರೊಳಗೆ ಬೀಳಬೇಕು. 15 ನಿಮಿಷ 75 ಡಿಗ್ರಿಯಲ್ಲೇ ಇಡಿ. ಕಿಣ್ವ ಸಾಯುವುದು ಇಲ್ಲಿ. ತಣಿದ ಮೇಲೆ 1.5 ಮಿ.ಲೀ. ಕ್ಲೋರೋಫಾರ್ಮ್, 0.6 ಮಿ.ಲೀ. ನೀರು ಹಾಕಿ ಒಂದು ಗಂಟೆ ಅಲುಗಾಡಿಸಿ, ದ್ರವವನ್ನು ತೆಗೆದಿಡಿ. ಉಳಿದ ಗಷ್ಟನ್ನು ಕ್ಲೋರೋಫಾರ್ಮ್-ಮೆಥನಾಲ್ 2:1 ಮಿಶ್ರಣದಲ್ಲಿ, ಪ್ರತಿ ಸಲ 4 ಮಿ.ಲೀ. ಹಾಕಿ, ಬೆಳ್ಳಗಾಗುವ ತನಕ ಮತ್ತೆ ಎಳೆಯಿರಿ. ಎಲ್ಲವನ್ನೂ ಒಂದುಗೂಡಿಸಿ 1 ಮಿ.ಲೀ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಿಂದ, ಅದು 1 ಮೋಲಾರ್ ಇರಲಿ, ಆಮೇಲೆ 2 ಮಿ.ಲೀ. ನೀರಿನಿಂದ ತೊಳೆಯಿರಿ. ಬೇಕಾದ್ದು ಕೆಳಗಿನ ಪದರ.

ಇಷ್ಟೆಲ್ಲ ಯಾಕೆ, ಬ್ಲೈ ಮತ್ತು ಡೈಯರ್ ವಿಧಾನ ಸಾಲದೇ ಎಂದು ಕೇಳಬಹುದು. 1959ರ ಆ ವಿಧಾನ ನೀರು ಹೆಚ್ಚು, ಕೊಬ್ಬು ಕಡಿಮೆ ಇರುವ ಮೀನಿನ ಮಾಂಸಕ್ಕೆ ಮಾಡಿದ್ದು. ಕ್ಲೋರೋಫಾರ್ಮ್, ಮೆಥನಾಲ್, ನೀರು 1:2:0.8 ಇರುವಾಗ ಒಂದೇ ಪದರ, 2:2:1.8 ಆದಾಗ ಎರಡು ಪದರ. ದ್ರಾವಕ ಕಡಿಮೆ ಸಾಕಾಗುವುದೇ ಅದರ ಗುಣ, ಅದೇ ಅದರ ಮಿತಿ. ಕೊಬ್ಬು ಶೇ 2 ದಾಟಿದ ಮಾದರಿಗಳಲ್ಲಿ ಅದು ಕಡಿಮೆ ತೋರಿಸಲು ಶುರುಮಾಡುತ್ತದೆ, ಶೇಂಗಾದಂಥ ಎಣ್ಣೆಕಾಳಿನಲ್ಲಿ ಅರ್ಧಕ್ಕರ್ಧ ಬಿಟ್ಟುಹೋದರೂ ಆಶ್ಚರ್ಯವಿಲ್ಲ. 1957ರ ಫೋಲ್ಚ್ ವಿಧಾನದಲ್ಲಿ ಒಂದು ಗ್ರಾಂಗೆ 20 ಮಿ.ಲೀ. ಕ್ಲೋರೋಫಾರ್ಮ್-ಮೆಥನಾಲ್ 2:1 ಬಳಸುತ್ತಾರೆ, ಆಮೇಲೆ ಅದರ ಐದನೇ ಒಂದು ಭಾಗ ಉಪ್ಪುನೀರು. ಬೆಣ್ಣೆಗೆ, ಅಂಗಾಂಶಕ್ಕೆ ಅದು ಇಂದಿಗೂ ನಂಬಿಕೆಯದ್ದು. ರಕ್ತದ ಪ್ಲಾಸ್ಮಾದಂಥ ಮಾದರಿ ನೂರಾರು ಇದ್ದರೆ 2008ರಲ್ಲಿ ಬಂದ ಎಂಟಿಬಿಇ (ಮೀಥೈಲ್ ಟರ್ಟ್-ಬ್ಯುಟೈಲ್ ಈಥರ್ ಎಂಬ ದ್ರಾವಕ) ವಿಧಾನ ಅನುಕೂಲ: 200 ಮೈಕ್ರೋಲೀಟರ್ ಪ್ಲಾಸ್ಮಾಗೆ 1.5 ಮಿ.ಲೀ. ಮೆಥನಾಲ್, 5 ಮಿ.ಲೀ. ಎಂಟಿಬಿಇ, ಒಂದು ಗಂಟೆ ಅಲುಗಾಟ, ಕೊನೆಗೆ 1.25 ಮಿ.ಲೀ. ನೀರು. ಲಿಪಿಡ್ ಮೇಲಿನ ಪದರದಲ್ಲಿ ಸಿಗುವುದರಿಂದ ಪ್ರೋಟೀನ್ ಪದರವನ್ನು ಪಿಪೆಟ್ಟಿನಿಂದ ಚುಚ್ಚಿಕೊಂಡು ಹೋಗುವ ಕಷ್ಟವಿಲ್ಲ. ಕ್ಲೋರೋಫಾರ್ಮ್ ವಿಧಾನಗಳಲ್ಲಿ ಕೆಳಪದರ ತೆಗೆಯುವಾಗ ಗಾಜಿನ ಪಿಪೆಟ್ಟಿನಿಂದ ಮೆಲ್ಲಗೆ ಗಾಳಿ ಬಿಡುತ್ತ ಇಳಿಸಿದರೆ ಮೇಲ್ಪದರ ಒಳಗೆ ಏರುವುದಿಲ್ಲ.

ಪ್ಲಾಸ್ಟಿಕ್ ದೂರವಿಡಿ. ಟ್ಯೂಬ್, ಟಿಪ್, ಮುಚ್ಚಳಗಳಿಂದ ಓಲಿಯಮೈಡ್ ಮತ್ತು ಎರುಕಮೈಡ್ ಇಳಿದು ಮಾಸ್ ಸ್ಪೆಕ್ಟ್ರೋಮೀಟರ್‌ನ ಪಾಸಿಟಿವ್ ಮೋಡ್‌ನಲ್ಲಿ (ಧನ ಅಯಾನುಗಳನ್ನು ಅಳೆಯುವಾಗ) 282.28 ಮತ್ತು 338.34ರಲ್ಲಿ ನಿಲ್ಲುತ್ತವೆ, ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲ ನೆಗೆಟಿವ್‌ನಲ್ಲಿ 255.23 ಮತ್ತು 283.26ರಲ್ಲಿ. ಮಾದರಿ ಇಲ್ಲದೆ ದ್ರಾವಕ ಮಾತ್ರ ಹಾಕಿ ಅದೇ ದಾರಿಯಲ್ಲಿ ಎಳೆದ ಬ್ಲಾಂಕ್ ಇಲ್ಲದಿದ್ದರೆ ‘ಸ್ವತಂತ್ರ ಕೊಬ್ಬಿನಾಮ್ಲ ಇಷ್ಟಿದೆ’ ಎಂಬ ವರದಿಗೆ ಅರ್ಥವಿಲ್ಲ. ಗಾಜು, ಟೆಫ್ಲಾನ್ ಒಳಪದರದ ಮುಚ್ಚಳ, ಇಷ್ಟೇ ಇರಲಿ. ಒಣಗಿಸುವುದು ನೈಟ್ರೋಜನ್ ಕೆಳಗೆ, 40 ಡಿಗ್ರಿ ಮೀರದಂತೆ. ಒಣಗಿದ ಕೂಡಲೇ ಮತ್ತೆ ಕರಗಿಸಿ. ಗಾಜಿನ ಗೋಡೆಗೆ ತೆಳ್ಳಗೆ ಅಂಟಿಕೊಂಡ ಲಿನೋಲೀಕ್ ಗಾಳಿಯಲ್ಲಿ ಬೇಗ ಕೆಡುತ್ತದೆ.

ಆಂತರಿಕ ಸ್ಟ್ಯಾಂಡರ್ಡ್ ಮತ್ತು ಲೆಕ್ಕ

ಆಂತರಿಕ ಸ್ಟ್ಯಾಂಡರ್ಡ್ ಬೀಳಬೇಕಾದ್ದು ಮೊದಲ ದ್ರಾವಕದ ಜೊತೆಯಲ್ಲೇ. ಎಳೆದು ಒಣಗಿಸಿದ ಮೇಲೆ ಹಾಕಿದರೆ ಉಪಕರಣದ ಏರುಪೇರು ಮಾತ್ರ ಸರಿಯಾಗುತ್ತದೆ, ಟ್ಯೂಬಿನಲ್ಲಿ ಕಳೆದುಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಪ್ರತಿ ವರ್ಗಕ್ಕೂ ಕನಿಷ್ಠ ಒಂದು ಬೇಕು. 50 ಮಿ.ಗ್ರಾಂ ಶೇಂಗಾ ಪುಡಿಗೆ, ಟ್ರೈಗ್ಲಿಸರೈಡ್ ಸುಮಾರು 24 ಮಿ.ಗ್ರಾಂ ಇರುವುದರಿಂದ, ಮೂರೂ ಆಮ್ಲಗಳು 17 ಕಾರ್ಬನ್‌ನವಾದ ಟ್ರೈಮಾರ್ಗರಿನ್ 0.5 ಮಿ.ಗ್ರಾಂ ಸೂಕ್ತ. ಫಾಸ್ಫಟಿಡೈಲ್ ಕೋಲೀನ್‌ಗೆ 17 ಕಾರ್ಬನ್‌ನ ಎರಡು ಆಮ್ಲ ಇರುವುದು 20 ಮೈಕ್ರೋಗ್ರಾಂ. ಟ್ರೈಮಾರ್ಗರಿನ್‌ನ ಇಸಿಎನ್ 51, ಸಹಜ ಎಣ್ಣೆಯಲ್ಲಿ 50 ಮತ್ತು 52ರ ನಡುವಿನ ಖಾಲಿ ಜಾಗ. ಆದರೂ ಪೂರ್ಣ ಸಂತೃಪ್ತ (ದ್ವಿಬಂಧವೇ ಇಲ್ಲದ) ಅಣುವಾದ್ದರಿಂದ ತನ್ನ ಜಾಗಕ್ಕಿಂತ ಸ್ವಲ್ಪ ತಡವಾಗಿ ಬಂದು ಓ-ಲಿ-ಬೆ ಜೊತೆ ಸೇರಬಹುದು. ಅದನ್ನು ಹಾಕದ ಎಣ್ಣೆಯನ್ನು ಒಮ್ಮೆ ಓಡಿಸಿ ನೋಡಿ. ಬೆಣ್ಣೆಯಲ್ಲಿ 15, 17 ಕಾರ್ಬನ್ ಆಮ್ಲಗಳು ಸಹಜವಾಗಿಯೇ ಇರುವುದರಿಂದ ಅಲ್ಲಿ ಡ್ಯುಟೀರಿಯಂ (ಭಾರದ ಹೈಡ್ರೋಜನ್) ಇರುವ ಸ್ಟ್ಯಾಂಡರ್ಡ್ ಮೇಲು.

ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಟ್ರೈಗ್ಲಿಸರೈಡ್‌ಗಳು ಒಂದೇ ರೀತಿ ಸ್ಪಂದಿಸುವುದಿಲ್ಲ. ದ್ವಿಬಂಧ ಹೆಚ್ಚಿದ್ದರೆ ಸಂಕೇತ ಹೆಚ್ಚು, ಸಂತೃಪ್ತಕ್ಕೆ ಕಡಿಮೆ. ಒಂದು ಲೆಕ್ಕ ನೋಡಿ. 0.5 ಮಿ.ಗ್ರಾಂ ಟ್ರೈಮಾರ್ಗರಿನ್, ಅಣುತೂಕ 849.4, ಅಂದರೆ 0.589 ಮೈಕ್ರೋಮೋಲ್. ಟ್ರೈಓಲೀನ್ ಶಿಖರ ಅದರ 4.2 ಪಟ್ಟು ಬಂತು ಅಂದುಕೊಳ್ಳಿ. ಎರಡನ್ನೂ ಸಮ ಮೋಲ್ ಬೆರೆಸಿ ಓಡಿಸಿದಾಗ ಟ್ರೈಓಲೀನ್ 1.25 ಪಟ್ಟು ಕಂಡಿತ್ತು ಎಂದೂ ಇಟ್ಟುಕೊಳ್ಳಿ. 4.2 ಅನ್ನು 1.25ರಿಂದ ಭಾಗಿಸಿ 0.589ರಿಂದ ಗುಣಿಸಿದರೆ 1.98 ಮೈಕ್ರೋಮೋಲ್, ಅಣುತೂಕ 885.4ರಿಂದ ಗುಣಿಸಿದರೆ 1.75 ಮಿ.ಗ್ರಾಂ, 50 ಮಿ.ಗ್ರಾಂ ಪುಡಿಗೆ ಗ್ರಾಂಗೆ 35 ಮಿ.ಗ್ರಾಂ. ಆ 1.25 ಬಿಟ್ಟಿದ್ದರೆ ಉತ್ತರ 43.8. ಸ್ಪಂದನದ ಅಂತರ ಅಳೆಯದೆ ಬಿಟ್ಟದ್ದಕ್ಕೆ ಕಾಲುಭಾಗ ತಪ್ಪು.

ನಮ್ಮ ಬೇಸಿಗೆಯೂ ಈ ಲೆಕ್ಕದೊಳಗೆ ಕೈಹಾಕುತ್ತದೆ. ಕ್ಲೋರೋಫಾರ್ಮ್ ಒಂದು ಡಿಗ್ರಿಗೆ ಶೇ 0.13ರಷ್ಟು ಹಿಗ್ಗುತ್ತದೆ. ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿದ್ದ ಸ್ಟ್ಯಾಂಡರ್ಡ್ ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ಕೋಣೆಯಲ್ಲಿ 36 ಡಿಗ್ರಿಗೆ ಬಂದರೆ ಶೇ 4ರಷ್ಟು ಹಿಗ್ಗಿರುತ್ತದೆ. ಬೆಳಿಗ್ಗೆ ತಣ್ಣಗೆ ತೆಗೆದ 100 ಮೈಕ್ರೋಲೀಟರ್, ಮಧ್ಯಾಹ್ನ ಬಿಸಿಯಾಗಿ ತೆಗೆದ 100 ಮೈಕ್ರೋಲೀಟರ್ ಒಂದೇ ಅಲ್ಲ. ಗಾಳಿಯಾಡದ ಗಾಜಿನ ಸಿರಿಂಜ್ ಬಳಸಿ, ಸಾಧ್ಯವಿದ್ದರೆ ಹಾಕಿದ ದ್ರಾವಣವನ್ನು ತೂಕದಲ್ಲೇ ಬರೆದುಕೊಳ್ಳಿ. ಡೈಕ್ಲೋರೋಮೀಥೇನ್ 39.6 ಡಿಗ್ರಿಗೆ ಕುದಿಯುತ್ತದೆ, ಹಾಗಾಗಿ ಅದಿರುವ ಮೊಬೈಲ್ ಫೇಸ್ (ಕಾಲಂನಲ್ಲಿ ಹರಿಯುವ ದ್ರಾವಕ) ನಮ್ಮ ಊರಿನ ಬೇಸಿಗೆಯಲ್ಲಿ ಪಂಪಿನೊಳಗೆ ಗುಳ್ಳೆ ಕಟ್ಟುತ್ತದೆ. ಮಾರ್ಚ್‌ನಿಂದ ಮೇ ತನಕ ಅದನ್ನು ಬಿಟ್ಟು ಐಸೊಪ್ರೊಪನಾಲ್ ಹಿಡಿಯುವುದು ವಾಸಿ.

ಕಾಲಂ ಮತ್ತು ಮಾಸ್

ಬೀಜದಂಥ ಸಂಕೀರ್ಣ ಮಾದರಿಗೆ ಬಳಕೆಯಲ್ಲಿರುವ ದ್ರಾವಕಗಳ ಜೋಡಿ ಇದು. ಎ ಬಾಟಲಿ: ಅಸಿಟೋನೈಟ್ರೈಲ್-ನೀರು 60:40. ಬಿ ಬಾಟಲಿ: ಐಸೊಪ್ರೊಪನಾಲ್-ಅಸಿಟೋನೈಟ್ರೈಲ್ 90:10. ಎರಡರಲ್ಲೂ 10 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್, ಶೇ 0.1 ಫಾರ್ಮಿಕ್ ಆಮ್ಲ. ಲೀಟರಿಗೆ 0.63 ಗ್ರಾಂ ಫಾರ್ಮೇಟ್. ಇದನ್ನು ಬಿ ಬಾಟಲಿಗೆ ನೇರವಾಗಿ ಸುರಿದರೆ ಕರಗದೆ ತಳದಲ್ಲೇ ಕೂತಿರುತ್ತದೆ. ಮೊದಲು ಕೆಲವೇ ಮಿ.ಲೀ. ನೀರಿನಲ್ಲಿ ಕರಗಿಸಿ ಆಮೇಲೆ ಸೇರಿಸಿ. ಕರಗದ ಉಪ್ಪು ಪಂಪಿನ ಚೆಕ್ ವಾಲ್ವಿಗೆ ಹೋಗಿ ಒತ್ತಡ ಕುಣಿಯತೊಡಗುತ್ತದೆ.

2.1 × 100 ಮಿ.ಮೀ., 1.7 ಮೈಕ್ರಾನ್ ಸಿ18 ಕಾಲಂ, 55 ಡಿಗ್ರಿ, ನಿಮಿಷಕ್ಕೆ 0.3ರಿಂದ 0.4 ಮಿ.ಲೀ., ಬಿ ಶೇ 30ರಿಂದ ಸುಮಾರು 18 ನಿಮಿಷದಲ್ಲಿ ಶೇ 99. ಐಸೊಪ್ರೊಪನಾಲ್ ಅಸಿಟೋನೈಟ್ರೈಲ್‌ಗಿಂತ ಐದಾರು ಪಟ್ಟು ಮಂದ, ಆದ್ದರಿಂದ ಗ್ರೇಡಿಯಂಟ್ ಏರಿದಂತೆ ಒತ್ತಡವೂ ಏರುತ್ತದೆ. 400 ಬಾರ್ ಮಿತಿಯ ಹಳೆಯ ಎಚ್‌ಪಿಎಲ್‌ಸಿ (ಲಿಕ್ವಿಡ್ ಕ್ರೊಮ್ಯಾಟೋಗ್ರಫಿ) ಉಪಕರಣದಲ್ಲಿ ಈ ಕಾಲಂ ಹಾಕಬೇಡಿ. 2.7 ಮೈಕ್ರಾನ್ ಕೋರ್-ಶೆಲ್ (ಗಟ್ಟಿ ತಿರುಳಿನ ಕಣಗಳ) ಕಾಲಂ, ನಿಮಿಷಕ್ಕೆ 0.2ರಿಂದ 0.25 ಮಿ.ಲೀ., ತಾಪ 50ರ ಮೇಲೆ, ಹೀಗೆ ನಿಭಾಯಿಸಬಹುದು.

5 ಶೇಕಡಾ ಎಣ್ಣೆ ದ್ರಾವಣ ರಿಫ್ರ್ಯಾಕ್ಟಿವ್ ಇಂಡೆಕ್ಸ್‌ಗೆ ಸರಿ, ಮಾಸ್‌ಗೆ ಅದು ವಿಷ. ಅಲ್ಲಿ ಟ್ರೈಗ್ಲಿಸರೈಡ್ ಮಿ.ಲೀ.ಗೆ 10ರಿಂದ 50 ಮೈಕ್ರೋಗ್ರಾಂ ಸಾಕು, ಇಂಜೆಕ್ಷನ್ 1ರಿಂದ 2 ಮೈಕ್ರೋಲೀಟರ್. ಶುದ್ಧ ಕ್ಲೋರೋಫಾರ್ಮ್‌ನಲ್ಲಿ 10 ಮೈಕ್ರೋಲೀಟರ್ ಹೊಡೆದರೆ ಮೊದಲ ಶಿಖರಗಳು ಸೀಳುತ್ತವೆ. ಬೀಜದ ಫಾಸ್ಫೋಲಿಪಿಡ್ ನೋಡಬೇಕಿದ್ದರೆ ಮೊದಲು 500 ಮಿ.ಗ್ರಾಂ ಸಿಲಿಕಾ ಕಾರ್ಟ್ರಿಜ್ ಮೇಲೆ ಹಾಕಿ: ಕ್ಲೋರೋಫಾರ್ಮ್ ಎಣ್ಣೆಯನ್ನು ಒಯ್ಯುತ್ತದೆ, ಅಸಿಟೋನ್ ಗ್ಲೈಕೋಲಿಪಿಡ್‌ಗಳನ್ನು, ಮೆಥನಾಲ್ ಫಾಸ್ಫೋಲಿಪಿಡ್‌ಗಳನ್ನು. ಇಲ್ಲದಿದ್ದರೆ ಹಿಲಿಕ್ (ನೀರಿಗೆ ಒಲಿಯುವ ಮೇಲ್ಮೈಯ) ಕಾಲಂ ಬಳಸಿ. ಅದು ವರ್ಗದ ಮೇಲೆ ಬೇರ್ಪಡಿಸುವುದರಿಂದ ಎಣ್ಣೆ ಮೊದಲೇ ಹೊರಬೀಳುತ್ತದೆ, ವಾಲ್ವ್ ತಿರುಗಿಸಿ ಅದನ್ನು ವೇಸ್ಟ್ ಬಾಟಲಿಗೆ ಕಳಿಸಬಹುದು. ವರ್ಗದ ಸ್ಟ್ಯಾಂಡರ್ಡ್ ತನ್ನ ವರ್ಗದ ಜೊತೆಗೇ ಬರುವುದು ಹಿಲಿಕ್‌ನ ದೊಡ್ಡ ಅನುಕೂಲ. ಪ್ರಮಾಣ ಮುಖ್ಯವಾದರೆ ಹಿಲಿಕ್, ಅಣುಗಳ ವಿವರ ಮುಖ್ಯವಾದರೆ ಸಿ18, ನನ್ನ ಆಯ್ಕೆ ಹೀಗೆ.

ಮಾಸ್‌ನಲ್ಲಿ ಟ್ರೈಗ್ಲಿಸರೈಡ್ ಕಾಣುವುದು ಅಮೋನಿಯಂ ಜೊತೆ ಸೇರಿ: ಟ್ರೈಓಲೀನ್ 902.82, ಪಾ-ಓ-ಓ 876.80. ಒಡೆದಾಗ ಅಮೋನಿಯಾ ಮತ್ತು ಒಂದು ಕೊಬ್ಬಿನಾಮ್ಲ ಕಳಚುತ್ತದೆ. 876.80ರಿಂದ 603.5 ಮತ್ತು 577.5 ಬಂದರೆ ಪಾ-ಓ-ಓ. ಜೊತೆಗೆ 579.5 ಮತ್ತು 575.5 ಕೂಡ ಇದ್ದರೆ ಪಾಮಿಟಿಕ್, ಲಿನೋಲೀಕ್, ಸ್ಟಿಯರಿಕ್ ಇರುವ ಅಣುವೂ ಬೆರೆತಿದೆ. 603.5 ಎರಡಕ್ಕೂ ಸಾಮಾನ್ಯ, ಅದೊಂದನ್ನೇ ನಂಬಬೇಡಿ. ಇನ್ನೊಂದು ಬಲೆ ಐಸೊಟೋಪ್‌ನದ್ದು, ಅಂದರೆ ಅದೇ ಧಾತುವಿನ ಭಾರದ ಪರಮಾಣುವಿನದ್ದು. ಒಂದು ದ್ವಿಬಂಧ ಹೆಚ್ಚಿರುವ 874.79ರ ಅಣುವಿನ ಎರಡು ಘಟಕ ಮೇಲಿನ ಐಸೊಟೋಪ್ ಶಿಖರ, ತನ್ನ ಮೂಲದ ಸುಮಾರು ಶೇ 19ರಷ್ಟು ಎತ್ತರದಲ್ಲಿ, 876.79ಕ್ಕೆ ಬಂದು ಕೂರುತ್ತದೆ. ಸಿ18 ಕಾಲಂ ಅವೆರಡನ್ನೂ ಸಮಯದಲ್ಲಿ ಬೇರೆ ಮಾಡುವುದರಿಂದ ತೊಂದರೆ ಕಡಿಮೆ. ಹಿಲಿಕ್‌ನಲ್ಲಾಗಲಿ ಕಾಲಂ ಇಲ್ಲದ ನೇರ ಇನ್‌ಫ್ಯೂಷನ್‌ನಲ್ಲಾಗಲಿ ಈ ಶೇ 19 ಕಳೆಯಲೇಬೇಕು.

ಫಾಸ್ಫಟಿಡೈಲ್ ಕೋಲೀನ್‌ಗೆ 184.07ರ ತುಣುಕು, ಫಾಸ್ಫಟಿಡೈಲ್ ಎಥನಾಲಮೈನ್‌ಗೆ 141.02 ಕಳಚುವುದು ಗುರುತು.

ಓಟದ ಕ್ರಮದಲ್ಲಿ ಮೊದಲು ಬ್ಲಾಂಕ್, ಆಮೇಲೆ ಎಲ್ಲ ಮಾದರಿಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿದ ಕ್ಯೂಸಿ (ಗುಣಮಟ್ಟ ಪರಿಶೀಲನೆಯ ಮಾದರಿ) ಐದಾರು ಸಲ, ಆಮೇಲೆ ಚೀಟಿ ಎತ್ತಿದಂತೆ ಕಲಸಿದ ಕ್ರಮದಲ್ಲಿ ಮಾದರಿಗಳು, ಪ್ರತಿ ಹತ್ತಕ್ಕೆ ಒಂದು ಕ್ಯೂಸಿ. ಕ್ಯೂಸಿಯಲ್ಲಿ ಶೇ 20ಕ್ಕಿಂತ ಹೆಚ್ಚು ಓಲಾಡುವ ಲಿಪಿಡ್ ಬಗ್ಗೆ ಮಾತಾಡುವ ಹಕ್ಕಿಲ್ಲ. ಸೂಜಿ ತೊಳೆಯಲು ಐಸೊಪ್ರೊಪನಾಲ್ ಇರಲಿ. ನೀರು-ಮೆಥನಾಲ್ ಹಾಕಿದರೆ ಎಣ್ಣೆ ಸೂಜಿಗೇ ಅಂಟಿ ಮುಂದಿನ ಮಾದರಿಗೆ ಸಾಗುತ್ತದೆ. ಸಂಜೆ ಕಾಲಂ ತೊಳೆಯುವಾಗಲೂ ಅಷ್ಟೇ: ಎಣ್ಣೆ ಉಳಿದಿರುವಾಗ ನೀರಿನ ಪ್ರಮಾಣ ಹೆಚ್ಚಿಸಿದರೆ ಅದು ಒಳಗೇ ಗಟ್ಟಿಯಾಗುತ್ತದೆ. ಮೊದಲು ಉಪ್ಪಿಲ್ಲದ ಐಸೊಪ್ರೊಪನಾಲ್-ಅಸಿಟೋನೈಟ್ರೈಲ್ ಅರ್ಧ ಗಂಟೆ, ಆಮೇಲೆ ಅಸಿಟೋನೈಟ್ರೈಲ್ ತುಂಬಿ ಮುಚ್ಚಿಡಿ. ಕ್ಲೋರೋಫಾರ್ಮ್ ಇರುವ ವೇಸ್ಟ್ ಬೇರೆ ಬಾಟಲಿಯಲ್ಲಿ, ಸಿಂಕಿಗೆ ಬೇಡವೇ ಬೇಡ.

ಬರೆಯುವಾಗ ಸಾಬೀತಾದಷ್ಟನ್ನೇ ಬರೆಯಿರಿ. ತೂಕ ಮತ್ತು ರಿಟೆನ್ಷನ್ ಸಮಯ ಮಾತ್ರ ಇದ್ದರೆ ‘ಟಿಜಿ 52:2’ (ಟ್ರೈಗ್ಲಿಸರೈಡ್, ಒಟ್ಟು 52 ಕಾರ್ಬನ್, 2 ದ್ವಿಬಂಧ). ತುಣುಕುಗಳು ಕಂಡಿದ್ದರೆ ‘ಟಿಜಿ 16:0_18:1_18:1’. ಯಾವ ಆಮ್ಲ ಗ್ಲಿಸರಾಲ್‌ನ ಯಾವ ತೋಳಿನಲ್ಲಿದೆ ಎಂದು ಪ್ರತ್ಯೇಕವಾಗಿ ಸಾಧಿಸಿದ್ದರೆ ಮಾತ್ರ ಅಡಿಗೆರೆಯ ಜಾಗದಲ್ಲಿ ಓರೆಗೆರೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಒಂದೇ ಪ್ಲಾಸ್ಮಾ ಮಾದರಿಯನ್ನು, ಎಸ್‌ಆರ್‌ಎಂ 1950 ಅದರ ಹೆಸರು, 31 ಲ್ಯಾಬುಗಳಿಗೆ ಕೊಟ್ಟು 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಲ್ಯಾಬುಗಳು ಸಾವಿರಕ್ಕೂ ಹೆಚ್ಚು ಲಿಪಿಡ್ ವರದಿ ಮಾಡಿದ್ದವು, ಒಮ್ಮತದ ಮೌಲ್ಯ ಕೊಡಲು ಸಾಧ್ಯವಾದದ್ದು 339ಕ್ಕೆ. ಪ್ಲಾಸ್ಮಾ ಮೇಲೆ ಕೆಲಸ ಮಾಡುವವರು ಆ ಪಟ್ಟಿಯ ಪಕ್ಕದಲ್ಲಿ ತಮ್ಮ ಸಂಖ್ಯೆ ಇಟ್ಟು ನೋಡಬಹುದು. ಎಣ್ಣೆ, ಬೆಣ್ಣೆ, ಬೀಜದ ವರದಿಯಲ್ಲಿ ಎಳೆದ ವಿಧಾನ, ಹಾಕಿದ ಸ್ಟ್ಯಾಂಡರ್ಡ್‌ನ ಹೆಸರು ಮತ್ತು ತೂಕ, ಅದನ್ನು ಹಾಕಿದ ಹಂತ, ಸ್ಪಂದನದ ಗುಣಕ, ಬ್ಲಾಂಕ್‌ನಲ್ಲಿ ಕಂಡ ಮೌಲ್ಯ ಇಷ್ಟೂ ಫಲಿತಾಂಶದ ಅದೇ ಕೋಷ್ಟಕದಲ್ಲಿ ಇರಲಿ.